ವೈಟ್ ಸಾಕ್ಸ್ ಅಂಗಡಿ: ಯಾರನ್ನು ಮಾರಬೇಕು, ಯಾರನ್ನು ಬಿಡಬಾರದು (5ಕ್ಕೆ 2.5 ಸ್ಟಾರ್)

ಅಮೆರಿಕದ ಬೇಸ್‌ಬಾಲ್ ತಂಡ ಚಿಕಾಗೊ ವೈಟ್ ಸಾಕ್ಸ್‌ಗೆ ನಾನು ಕೊಡುವುದು 5ಕ್ಕೆ 2.5 ಸ್ಟಾರ್. ಮೈದಾನದ ಆಟಕ್ಕೆ ಮಾತ್ರ ಅಂದರೆ 1 ಸಾಕು, ಅದೂ ಜಾಸ್ತಿಯೇ. ಉಳಿದ ಒಂದೂವರೆ ಆಟಗಾರರನ್ನು ಕೊಟ್ಟು ತರುವ ವ್ಯವಹಾರಕ್ಕೆ. ಇಷ್ಟು ಸೋತ ತಂಡವನ್ನು ಅಂಗಡಿ ಅಂತ ನೋಡುವುದೇ ವಾಸಿ. ಗೆಲುವು ಅನ್ನುವ ಸರಕು ಸದ್ಯಕ್ಕೆ ಸ್ಟಾಕ್ ಇಲ್ಲ. ಹಾಗಾದರೆ ಏನನ್ನು ಮಾರುತ್ತಿದ್ದಾರೆ, ಏನನ್ನು ಒಳಗೆ ಇಟ್ಟುಕೊಂಡಿದ್ದಾರೆ, ಕೊಟ್ಟಿದ್ದಕ್ಕೆ ಸರಿಯಾದ ಬೆಲೆ ಬಂತಾ ಅನ್ನುವುದಷ್ಟೇ ಪ್ರಶ್ನೆ.

ಎಷ್ಟು ಸೋತಿದ್ದಾರೆ ಅಂತೀರಾ? 2023ರಲ್ಲಿ 101, 2024ರಲ್ಲಿ 121, 2025ರಲ್ಲಿ 102. ಸೀಸನ್‌ಗೆ ಇರುವುದೇ 162 ಪಂದ್ಯ. ಆ 121 ಆಧುನಿಕ ಬೇಸ್‌ಬಾಲ್‌ನಲ್ಲೇ ದಾಖಲೆ. ಆ ವರ್ಷ ಸತತ 21 ಪಂದ್ಯ ಸೋತು, ಕೊನೆಗೊಂದು ಗೆದ್ದ ಎರಡು ದಿನಕ್ಕೆ ಮ್ಯಾನೇಜರ್ (ಮೈದಾನದಲ್ಲಿ ತಂಡ ನಡೆಸುವ ಕೋಚ್) ಪೆಡ್ರೊ ಗ್ರಿಫೋಲ್ ಅವರನ್ನು ಮನೆಗೆ ಕಳಿಸಿದರು. ಇದೇ ತಂಡ 2021ರಲ್ಲಿ 93 ಪಂದ್ಯ ಗೆದ್ದು ತನ್ನ ಗುಂಪಿನ (ಡಿವಿಷನ್) ಚಾಂಪಿಯನ್ ಆಗಿತ್ತು ಅಂದರೆ ನಂಬುವುದು ಕಷ್ಟ ಅಲ್ವಾ?

ಈ ಆಟ ಅಷ್ಟಾಗಿ ನೋಡದವರಿಗೆ ಒಂದು ಮಾತು. ಮೇಜರ್ ಲೀಗ್‌ಗೆ, ಅಂದರೆ ಅಮೆರಿಕದ ಬೇಸ್‌ಬಾಲ್‌ನ ಮೇಲಿನ ಹಂತಕ್ಕೆ, ಬಂದ ಆಟಗಾರ ಸುಮಾರು 6 ವರ್ಷ ತಂಡದ ಕೈಯಲ್ಲೇ ಇರುತ್ತಾನೆ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಆ ಕನಿಷ್ಠ 7,60,000 ಡಾಲರ್ ಇತ್ತು. ಆಮೇಲೆ ಸಂಬಳ ಏರುತ್ತದೆ, 6 ವರ್ಷ ಮುಗಿದರೆ ಫ್ರೀ ಏಜೆಂಟ್ ಆಗಿ ಇಷ್ಟ ಬಂದ ತಂಡಕ್ಕೆ ಹೋಗುತ್ತಾನೆ. ತಂಡ ಇನ್ನೂ ಎರಡು ವರ್ಷ ಸೋಲುವುದು ಖಾತ್ರಿ ಅಂದ ಮೇಲೆ, ಎರಡೇ ವರ್ಷ ಉಳಿದಿರುವ ಸ್ಟಾರ್ ಆಟಗಾರನನ್ನು ಇಟ್ಟುಕೊಂಡು ಏನು ಮಾಡುವುದು? ತಂಡ ಗೆಲ್ಲುವ ಹೊತ್ತಿಗೆ ಅವನು ಇರುವುದಿಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ನನ್ನ ಅಳತೆ ಒಂದೇ. ಹೆಸರು ನೋಡುವುದಿಲ್ಲ, ಉಳಿದಿರುವ ವರ್ಷ ನೋಡುತ್ತೇನೆ.

ಈ ಅಳತೆಗೆ ಸರಿಯಾಗಿ ಕೂರುವ ವ್ಯವಹಾರ ಅಂದರೆ ಗ್ಯಾರೆಟ್ ಕ್ರೋಶೆಯದು. 2024ರಲ್ಲಿ 146 ಇನ್ನಿಂಗ್ಸ್‌ನಲ್ಲಿ 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿದ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನು. ಆ ಡಿಸೆಂಬರ್‌ನಲ್ಲಿ ಅವನನ್ನು ಬಾಸ್ಟನ್ ರೆಡ್ ಸಾಕ್ಸ್‌ಗೆ ಕೊಟ್ಟು ನಾಲ್ವರನ್ನು ತಂದರು: ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಕೈಲ್ ಟೀಲ್, ಔಟ್‌ಫೀಲ್ಡರ್ ಬ್ರೇಡನ್ ಮಾಂಟ್ಗೊಮೆರಿ, ಇನ್‌ಫೀಲ್ಡರ್ ಚೇಸ್ ಮೈಡ್ರೋತ್, ಪಿಚರ್ ವಿಕೆಲ್ಮನ್ ಗೊನ್ಸಾಲೆಜ್. ಕ್ರೋಶೆ ಬಾಸ್ಟನ್‌ಗೆ ಹೋಗಿ 2025ರಲ್ಲಿ 18 ಪಂದ್ಯ ತನ್ನ ಹೆಸರಿಗೆ ಗೆದ್ದು 5 ಸೋತ, 255 ಸ್ಟ್ರೈಕ್‌ಔಟ್ ಮಾಡಿದ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವನಾದ. ಅಯ್ಯೋ ಕೊಟ್ಟುಬಿಟ್ಟರಲ್ಲ ಅಂತ ಬೇಜಾರಾಗುವುದು ಸಹಜ. ಆದರೆ ಬಾಸ್ಟನ್ ಅವನಿಗೆ 6 ವರ್ಷಕ್ಕೆ 17 ಕೋಟಿ ಡಾಲರ್ ಕೊಟ್ಟಿತು. ಇಡೀ ಇತಿಹಾಸದಲ್ಲಿ 7.5 ಕೋಟಿಗಿಂತ ದೊಡ್ಡ ಒಪ್ಪಂದ ಮಾಡದ ವೈಟ್ ಸಾಕ್ಸ್ ಅಷ್ಟು ಕೊಡುತ್ತಿತ್ತಾ? ಖಂಡಿತ ಇಲ್ಲ. ಮೊಣಕೈಗೆ ಒಮ್ಮೆ ಆಪರೇಷನ್ ಆಗಿರುವ ಪಿಚರ್ ಬೇರೆ. 60 ಗೆದ್ದು 102 ಸೋತ ತಂಡದಲ್ಲಿ ಅವನೊಬ್ಬ ಇದ್ದಿದ್ದರೂ ಅದು ಸೋಲುವ ತಂಡವೇ. ಬಂದವರಲ್ಲಿ ಟೀಲ್ ಮತ್ತು ಮೈಡ್ರೋತ್ 2025ರಲ್ಲೇ ಆಡಿದರು, ಟೀಲ್ ಅಂತೂ 78 ಪಂದ್ಯದಲ್ಲಿ .273 ಬ್ಯಾಟಿಂಗ್ ಸರಾಸರಿ (ಸಾವಿರ ಸಲಕ್ಕೆ 273 ಹಿಟ್ ಅನ್ನುವ ಲೆಕ್ಕ) ತೆಗೆದ. ಇಂಥ ಇನ್ನೊಂದು ವ್ಯವಹಾರ ಆಗಿದ್ದರೆ 3 ಸ್ಟಾರ್ ಕೊಡುತ್ತಿದ್ದೆ.

ಇದರ ಪಕ್ಕದಲ್ಲಿ 2024ರ ಮಾರ್ಚ್‌ನ ಪಿಚರ್ ಡಿಲನ್ ಸೀಸ್ ವ್ಯವಹಾರ ಇಟ್ಟು ನೋಡಿ. ಅವನಿಗೂ ಆಗ ಎರಡೇ ವರ್ಷ ಉಳಿದಿತ್ತು, ಕೊಟ್ಟಿದ್ದು ಸರಿಯೇ. ಆದರೆ ಸ್ಯಾನ್ ಡಿಯಾಗೊದಿಂದ ತಂದ ನಾಲ್ವರಲ್ಲಿ ಮೂವರು ಪಿಚರ್‌ಗಳು. ಮುಖ್ಯ ಸರಕು ಡ್ರೂ ಥಾರ್ಪ್ ಒಂಬತ್ತು ಪಂದ್ಯದಲ್ಲಿ ಮೊದಲ ಪಿಚರ್ ಆಗಿ ಎಸೆದು ಮೊಣಕೈ ಕೆಡಿಸಿಕೊಂಡ, 2025 ಪೂರ್ತಿ ಹೋಯಿತು. ಸೀಸ್ ಅತ್ತ ಜುಲೈನಲ್ಲೇ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದ. ಪಿಚರ್ ಕೊಟ್ಟು ಪಿಚರ್ ತಂದರೆ ಒಂದು ಕೈಯ ಅಪಾಯ ಕೊಟ್ಟು ಇನ್ನೊಂದು ಕೈಯ ಅಪಾಯ ತಂದ ಹಾಗೆ. ಕ್ರೋಶೆಗೆ ಬದಲಾಗಿ ಮೂವರು ಬ್ಯಾಟರ್‌ಗಳನ್ನು ತಂದರಲ್ಲ, ಜನರಲ್ ಮ್ಯಾನೇಜರ್ ಕ್ರಿಸ್ ಗೆಟ್ಜ್ ಪಾಠ ಕಲಿತಿದ್ದಾರೆ ಅಂತ ನನಗೆ ಅನಿಸಿದ್ದು ಅಲ್ಲೇ.

2024ರ ಜುಲೈ ವ್ಯವಹಾರವನ್ನು ನೆನೆಸಿಕೊಂಡರೆ ಮಾತ್ರ ಹೊಟ್ಟೆ ಉರಿಯುತ್ತದೆ. ಎರಿಕ್ ಫೆಡಿ, ಮೈಕಲ್ ಕೋಪೆಕ್, ಟಾಮಿ ಫ್ಯಾಮ್, ಮೂವರನ್ನೂ ಒಂದೇ ಸಲ ಮೂರು ತಂಡಗಳ ಟ್ರೇಡ್‌ನಲ್ಲಿ ಕೊಟ್ಟರು. ಬಂದಿದ್ದು ಬ್ಯಾಟರ್ ಮಿಗೆಲ್ ವರ್ಗಸ್ ಮತ್ತು ಹತ್ತೊಂಬತ್ತರ ಇಬ್ಬರು ಹುಡುಗರು. ವರ್ಗಸ್ ಬಂದ ವರ್ಷ ಬರೀ .104 ಸರಾಸರಿ ತೆಗೆದ. ಕೋಪೆಕ್ ಡಾಡ್ಜರ್ಸ್ ತಂಡದ ಜೊತೆ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್) ಗೆದ್ದ. 2025ರಲ್ಲಿ ವರ್ಗಸ್ 16 ಹೋಂ ರನ್ (ಚೆಂಡನ್ನು ಮೈದಾನದಾಚೆ ಬಾರಿಸುವುದು) ಹೊಡೆದು ಸ್ವಲ್ಪ ಮಾನ ಉಳಿಸಿದ, ಇರಲಿ. ಮೂವರನ್ನು ಮೂರು ಕಡೆ ಬಿಡಿಬಿಡಿಯಾಗಿ ಮಾರಿದ್ದರೆ ಇದಕ್ಕಿಂತ ಜಾಸ್ತಿ ಬರುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ಈಗ ಲೂಯಿಸ್ ರಾಬರ್ಟ್ ಜೂನಿಯರ್. ಅರ್ಧ ಸ್ಟಾರ್ ಕಳೆದಿದ್ದು ಇವನ ವಿಷಯಕ್ಕೇ.

2020ರ ಜನವರಿಯಲ್ಲಿ, ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡುವ ಮುಂಚೆ, 6 ವರ್ಷಕ್ಕೆ 5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಜೊತೆಗೆ 2026 ಮತ್ತು 2027ಕ್ಕೆ ತಲಾ 2 ಕೋಟಿಯ ಆಪ್ಷನ್, ಅಂದರೆ ಬೇಕಾದರೆ ಒಪ್ಪಂದ ಮುಂದುವರಿಸುವ ಹಕ್ಕು, ತಂಡದ ಕೈಯಲ್ಲಿ. 2023ರಲ್ಲಿ ಅವನು 38 ಹೋಂ ರನ್ ಹೊಡೆದ. ಸೆಂಟರ್ ಫೀಲ್ಡ್‌ನಲ್ಲಿ ಓಡಾಡಿ ಕ್ಯಾಚ್ ಹಿಡಿಯುವ, 38 ಹೋಂ ರನ್ ಹೊಡೆಯುವ, ಕಡಿಮೆ ಬೆಲೆಗೆ ಇನ್ನೂ 4 ವರ್ಷ ಸಿಗುವ ಆಟಗಾರ. ಆ ಚಳಿಗಾಲ ಅವನಿಗಾಗಿ ಯಾವ ತಂಡ ಬೇಕಾದರೂ ತನ್ನ ಒಳ್ಳೆಯ ಪ್ರಾಸ್ಪೆಕ್ಟ್‌ಗಳನ್ನು (ಭರವಸೆಯ ಹುಡುಗರನ್ನು) ಮುಂದಿಡುತ್ತಿತ್ತು. ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಸುಮ್ನೆ ಹೇಳುತ್ತಾರಾ? ತಂಡ ಆಗಲೇ 101 ಸೋತಿತ್ತು, ಗೆಲ್ಲುವ ಯೋಚನೆ ಯಾರಿಗೂ ಇರಲಿಲ್ಲ. ಆದರೂ ಇಟ್ಟುಕೊಂಡರು. 2024ರಲ್ಲಿ ಗಾಯ, 100 ಪಂದ್ಯ, 14 ಹೋಂ ರನ್. 2025ರಲ್ಲಿ ಮತ್ತೆ ಗಾಯ, ಮತ್ತೆ 14, ಸರಾಸರಿ .223. ಆ ಜುಲೈನಲ್ಲೂ ಬಂದ ಆಫರ್ ಸಾಲದು ಅಂತ ಕೊಡಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟು ಲೂಯಿಸಾಂಹೆಲ್ ಅಕೂನಾ ಮತ್ತು ಇನ್ನೂ ಕೆಳಗಿನ ಹಂತದಲ್ಲಿರುವ ಒಬ್ಬ ಪಿಚರ್‌ನನ್ನು ತಂದರು. ಅಕೂನಾ ಚುರುಕು ಕಾಲಿನ ಹುಡುಗ, ಬ್ಯಾಟ್ ಬಗ್ಗೆ ನನಗೆ ಅನುಮಾನವಿದೆ. 2023ರ ರಾಬರ್ಟ್‌ಗೆ ಇದು ಬೆಲೆಯೇ ಅಲ್ಲ, 2025ರ ರಾಬರ್ಟ್‌ಗೆ ಇಷ್ಟೇ ಬೆಲೆ. ಮಧ್ಯದ ಎರಡು ವರ್ಷ ಯಾರಿಗೂ ಉಪಯೋಗ ಆಗಲಿಲ್ಲ.

ತಡ ಮಾಡುವುದು ಇವರ ಹಳೇ ರೋಗ. ಬ್ಯಾಟರ್ ಎಲಾಯ್ ಹಿಮೆನೆಜ್‌ನನ್ನು 2024ರಲ್ಲಿ ಒಬ್ಬ ಮೈನರ್ ಲೀಗ್ (ಕೆಳಹಂತದ) ಪಿಚರ್‌ಗೆ ಕೊಟ್ಟರು. ಟಿಮ್ ಆಂಡರ್ಸನ್, ಯೋವಾನ್ ಮೊಂಕಾಡಾ ಇಬ್ಬರ ಆಪ್ಷನ್ ಬೇಡ ಅಂದು ಸುಮ್ಮನೆ ಬಿಟ್ಟರು, ಬದಲಿಗೆ ಏನೂ ಬರಲಿಲ್ಲ. ತಡ ಮಾಡದಾಗಲೂ ಎಡವಿದ್ದಾರೆ ಅನ್ನಿ, 2016ರಲ್ಲಿ ವಯಸ್ಸಾದ ಪಿಚರ್ ಜೇಮ್ಸ್ ಶೀಲ್ಡ್ಸ್‌ಗಾಗಿ ಮುಂದೆ ಸ್ಟಾರ್ ಆದ, ಆಗ ಹದಿನೇಳರ ಫರ್ನಾಂಡೊ ಟಾಟೀಸ್ ಜೂನಿಯರ್‌ನನ್ನು ಕೊಟ್ಟಿದ್ದು ಇದೇ ತಂಡ. ಅದರ ಬಗ್ಗೆ ಜಾಸ್ತಿ ಮಾತಾಡಿದರೆ ಸ್ಟಾರ್ ಇನ್ನೂ ಇಳಿಯುತ್ತದೆ.

ಒಳ್ಳೆಯದನ್ನೂ ಹೇಳಬೇಕು. ಚಿಲ್ಲರೆ ವ್ಯಾಪಾರದಲ್ಲಿ ಇವರು ಈಗ ಜಾಣರಾಗಿದ್ದಾರೆ. 2025ರ ಮೇನಲ್ಲಿ ಯಾರಿಗೂ ಬೇಡವಾಗಿದ್ದ ಅಡ್ರಿಯನ್ ಹೌಸರ್‌ನನ್ನು ಕರೆತಂದರು. ಅವನು 11 ಪಂದ್ಯದಲ್ಲಿ ಮೊದಲ ಪಿಚರ್ ಆಗಿ ಎಸೆದು 2.10 ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) ತೆಗೆದ. ಜುಲೈ ಕೊನೆಗೆ ಟ್ಯಾಂಪಾ ಬೇ ರೇಸ್‌ಗೆ ಕೊಟ್ಟು ಮೂವರನ್ನು ಪಡೆದರು. ಖರ್ಚು ಅಷ್ಟಕ್ಕಷ್ಟೇ. ಶೇನ್ ಸ್ಮಿತ್ ವಿಷಯ ಇನ್ನೂ ಚೆಂದ. ರೂಲ್ 5 ಡ್ರಾಫ್ಟ್ ಅಂತ ಒಂದಿದೆ. ಬೇರೆ ತಂಡ ತನ್ನ 40 ಜನರ ಪಟ್ಟಿಯಲ್ಲಿ ಕಾಪಾಡಿಕೊಳ್ಳದ ಆಟಗಾರನನ್ನು 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು, ಆದರೆ ಇಡೀ ಸೀಸನ್ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು. ಗೆಲ್ಲುವ ತಂಡಕ್ಕೆ ಅದು ಕಷ್ಟ, ಸೋಲುವ ತಂಡಕ್ಕೆ ಏನು ಕಷ್ಟ? ಮಿಲ್ವಾಕಿಯಿಂದ ಹಾಗೆ ಎತ್ತಿಕೊಂಡ ಸ್ಮಿತ್ 2025ರಲ್ಲಿ ಆಲ್‌ಸ್ಟಾರ್ ಪಂದ್ಯಕ್ಕೆ (ಲೀಗ್‌ನ ಒಳ್ಳೆಯ ಆಟಗಾರರ ಪಂದ್ಯ) ಆಯ್ಕೆಯಾದ. ಸೋಲನ್ನೂ ಉಪಯೋಗಿಸಿಕೊಳ್ಳುವುದು ಅಂದರೆ ಇದು. 2025 ಮುಗಿದಾಗ ಅವನ ಮೇಲೆ ಇನ್ನೂ ಐದು ವರ್ಷ ಹಕ್ಕಿತ್ತು. ಹಾಗಂತ ಇವನನ್ನು ಮುಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ಯಾರಾದರೂ ಇಬ್ಬರು ಒಳ್ಳೆಯ ಬ್ಯಾಟರ್‌ಗಳನ್ನು ಕೊಡುತ್ತೇನೆ ಅಂದರೆ ಫೋನ್ ಎತ್ತಿ, ಪಿಚರ್ ಕೈ ನಂಬಿ ಕೂರಬೇಡಿ.

ಯಾವ ಬೆಲೆಗೂ ಕೊಡಬಾರದವನು ಒಬ್ಬನೇ, ಕೋಲ್ಸನ್ ಮಾಂಟ್ಗೊಮೆರಿ. 2025ರ ಏಪ್ರಿಲ್‌ನಲ್ಲಿ ಟ್ರಿಪಲ್-ಎ (ಮೇಜರ್ ಲೀಗ್‌ನ ಕೆಳಗಿನ ಹಂತ) ಮಟ್ಟದಲ್ಲೇ ಚೆಂಡು ತಾಗದೆ ಒದ್ದಾಡುತ್ತಿದ್ದವನನ್ನು ಅರಿಜೋನಾಗೆ ಕಳಿಸಿ ಸ್ವಿಂಗ್ ಸರಿ ಮಾಡಿಸಿದರು. ಜುಲೈನಲ್ಲಿ ಮೇಲೆ ಬಂದು 71 ಪಂದ್ಯದಲ್ಲಿ 21 ಹೋಂ ರನ್ ಹೊಡೆದ, ಅದೂ ಫೀಲ್ಡಿಂಗ್‌ಗೆ ಕಷ್ಟದ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುತ್ತಾ. ಆರು ವರ್ಷದ ಲೆಕ್ಕ ಈಗಷ್ಟೇ ಶುರು.

ಕ್ಯಾಚರ್‌ಗಳ ವಿಷಯದಲ್ಲಿ ನನಗೂ ಎರಡು ಮನಸ್ಸು. ಟೀಲ್ ಇದ್ದಾನೆ, ಎಡ್ಗರ್ ಕೆರೊ ಇದ್ದಾನೆ. ಇಬ್ಬರೂ ಚಿಕ್ಕವರು, ಇಬ್ಬರಿಗೂ ವರ್ಷ ಜಾಸ್ತಿ ಉಳಿದಿದೆ. ಒಬ್ಬನನ್ನು ಕೊಟ್ಟು ಔಟ್‌ಫೀಲ್ಡರ್ ತರಬಹುದು ಅಂತ ಜನ ಹೇಳುತ್ತಾರೆ. ಅವಸರ ಬೇಡ ಅನ್ನುತ್ತೇನೆ. ಕ್ಯಾಚರ್‌ಗೆ ಮಂಡಿ ಸವೆಯುವ ಕೆಲಸ, ವರ್ಷಪೂರ್ತಿ ಒಬ್ಬನೇ ಆಡಲು ಆಗುವುದಿಲ್ಲ. ಇನ್ನೊಂದು ವರ್ಷ ಇಬ್ಬರನ್ನೂ ಆಡಿಸಿ, ಯಾರ ಬ್ಯಾಟ್ ನಿಲ್ಲುತ್ತದೆ ಅಂತ ನೋಡಿ ಮಾರಲಿ.

ಲೆನಿನ್ ಸೋಸಾನನ್ನು ಕೊಟ್ಟುಬಿಡಬೇಕು. 2025ರಲ್ಲಿ 22 ಹೋಂ ರನ್ ಹೊಡೆದು ತಂಡಕ್ಕೇ ಮೊದಲಿಗ, ಆದರೆ ಕೆಟ್ಟ ಚೆಂಡು ಬಿಟ್ಟು ವಾಕ್ (ಪುಕ್ಕಟೆ ಬೇಸ್) ತೆಗೆದುಕೊಳ್ಳುವ ತಾಳ್ಮೆಯೇ ಇಲ್ಲ. ಆ 22 ಜನರ ಕಣ್ಣಲ್ಲಿ ಇರುವಾಗಲೇ ಮಾತಾಡಬೇಕು. ರಾಬರ್ಟ್ ಕಥೆ ಮತ್ತೆ ಆಗಬಾರದು.

ಔಟ್‌ಫೀಲ್ಡರ್ ಆಂಡ್ರೂ ಬೆನಿಂಟೆಂಡಿ. ಮೇಲೆ ಹೇಳಿದ ಆ 7.5 ಕೋಟಿಯ ಒಪ್ಪಂದ ಇವನದೇ, 2027ರವರೆಗೆ. 2024ರಲ್ಲಿ 20, 2025ರಲ್ಲಿ 20 ಹೋಂ ರನ್, ಬ್ಯಾಟ್ ಪೂರ್ತಿ ಸತ್ತಿಲ್ಲ. ಆದರೆ ಆ ಸಂಬಳಕ್ಕೆ ಯಾರೂ ತೆಗೆದುಕೊಳ್ಳುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಸಂಬಳ ತಾವೇ ಕಟ್ಟಿ ಕಳಿಸಲಿ. ಆ ಜಾಗದಲ್ಲಿ ಹುಡುಗರು ಆಡಲಿ. ದುಡ್ಡು ಹೇಗಿದ್ದರೂ ಹೋಗಿದೆ.

ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಡ್ರಾಫ್ಟ್ ನಂಬಿಕೊಂಡು ಕೂರುವ ಹಾಗೂ ಇಲ್ಲ. 121 ಸೋತ ಮೇಲೆ ಮೊದಲ ಆಯ್ಕೆ ಸಿಗಬೇಕಿತ್ತು ಅಲ್ವಾ? ದೊಡ್ಡ ಊರಿನ ತಂಡ ಸತತ ಎರಡು ವರ್ಷ ಮೊದಲ ಆಯ್ಕೆಗಳನ್ನು ಹಂಚುವ ಲಾಟರಿಯಲ್ಲಿ ಇರುವಂತಿಲ್ಲ ಅನ್ನುವ ನಿಯಮದಿಂದ 2025ರಲ್ಲಿ 10ನೇ ಆಯ್ಕೆ ಸಿಕ್ಕಿತು. 2026ಕ್ಕೆ ಮಾತ್ರ ಲಾಟರಿ ಒಲಿದು ಮೊದಲ ಆಯ್ಕೆ ಬಂದಿದೆ. ಆದರೆ ಹಾಗೆ ಆರಿಸುವ ಹುಡುಗ ಚಿಕಾಗೊದಲ್ಲಿ ಆಡುವುದಕ್ಕೆ ಸಮಯ ಬೇಕು.

ಕೊನೆಯದಾಗಿ ಹೊಸ ಸರಕು, ಮುನೆತಾಕಾ ಮುರಾಕಾಮಿ. 2022ರಲ್ಲಿ ಜಪಾನ್‌ನಲ್ಲಿ 56 ಹೋಂ ರನ್ ಹೊಡೆದವನು. 2025ರ ಡಿಸೆಂಬರ್‌ನಲ್ಲಿ 2 ವರ್ಷಕ್ಕೆ 3.4 ಕೋಟಿ ಡಾಲರ್‌ಗೆ ಬಂದ. ಸ್ಟ್ರೈಕ್‌ಔಟ್ ಜಾಸ್ತಿ ಅನ್ನುವ ಭಯಕ್ಕೇ ಇಷ್ಟು ಅಗ್ಗ. ಕೊಂಡಿದ್ದು ಒಳ್ಳೆಯದೇ, ನೋಡುವುದಕ್ಕೂ ಮಜಾ ಇರುತ್ತದೆ. ಆದರೆ ವರ್ಷ ಎಣಿಸಿ: ಎರಡೇ. 2026ರ ಜುಲೈ ಹೊತ್ತಿಗೆ ಅವನ ಬ್ಯಾಟ್ ಬಿಸಿಯಾಗಿದ್ದು ತಂಡ ಮಾತ್ರ ಕೆಳಗೇ ಇದ್ದರೆ, ಆಗಲೇ ಕೊಟ್ಟುಬಿಡಬೇಕು, ಒಂದೂವರೆ ಸೀಸನ್ ಬಾಕಿ ಇರುವ ಬ್ಯಾಟರ್‌ಗೆ ಗೆಲ್ಲುವ ತಂಡಗಳು ಚೆನ್ನಾಗಿ ಕೊಡುತ್ತವೆ. ಟಿಕೆಟ್ ಕೊಂಡವರು ಬೈಯುತ್ತಾರೆ, ಬೈಯಲಿ. ಬದಲಿಗೆ ಬ್ಯಾಟರ್‌ಗಳನ್ನೇ ಕೇಳಲಿ, ಪಿಚರ್ ಬೇಡ.