ಎಪಾಕ್ಸಿ ಎಂದು ಹೇಳಿ ಡಾಂಬರು ಬಳಿದರು: ನ್ಯಾರೋಬೋಟ್ ಇರುವವರು ಓದಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಎಂಬ ಕಿರಿದಾದ ಉಕ್ಕಿನ ದೋಣಿಯನ್ನೇ ಮನೆ ಮಾಡಿಕೊಂಡಿರುವ ಕನ್ನಡದವರು, ಬಾಡಿಗೆ ಕಟ್ಟಿ ಸಾಕಾಗಿ ದೋಣಿ ಕೊಳ್ಳುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಈ ವರ್ಷ ಬ್ಲ್ಯಾಕಿಂಗ್‌ಗೆ, ಅಂದರೆ ದೋಣಿಯ ಕೆಳಭಾಗಕ್ಕೆ ತುಕ್ಕು ಹಿಡಿಯದಂತೆ ಕಪ್ಪು ಲೇಪ ಬಳಿಸಲು, ದೋಣಿ ರಿಪೇರಿಯ ಯಾರ್ಡ್ ಗೊತ್ತುಮಾಡಿದ್ದರೆ ಮುಂಗಡ ಕೊಡುವ ಮೊದಲೇ ಓದಿ. ಎರಡು ಡಬ್ಬಿ ಕಲಸಿ ಬಳಿಯುವ ಗಟ್ಟಿ ಲೇಪವಾದ ಟೂ-ಪ್ಯಾಕ್ ಎಪಾಕ್ಸಿ ಬಳಿಯುತ್ತೇವೆಂದು ನಮ್ಮಿಂದ 5,400 ಪೌಂಡ್ ತೆಗೆದುಕೊಂಡು ಮಾಮೂಲಿ ಡಾಂಬರು ಬಳಿದು ಕಳುಹಿಸಿದ್ದಾರೆ. ಅದೂ ತುಕ್ಕಿನ ಮೇಲೆ. ತುಕ್ಕನ್ನು ಕೆರೆಯುವ ಕಷ್ಟವನ್ನೂ ತೆಗೆದುಕೊಂಡಿಲ್ಲ. ಬರೆಯುವಾಗ ಈಗಲೂ ಮೈ ಉರಿಯುತ್ತಿದೆ.

ಹಣ ವಾಪಸ್ ಕೇಳುವ ಪ್ರಕ್ರಿಯೆ ನಡೆಯುತ್ತಿರುವುದರಿಂದ ಯಾರ್ಡಿನ ಹೆಸರು ಬರೆಯುವುದಿಲ್ಲ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗುವ ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಂಡೆಯ ಮೇಲಿದೆ ಎಂದಷ್ಟೇ ಹೇಳುತ್ತೇನೆ.

ನಮ್ಮದು 1994ರಲ್ಲಿ ಕಟ್ಟಿದ 57 ಅಡಿಯ ನ್ಯಾರೋಬೋಟ್. ತಳಕ್ಕೆ 10 ಮಿ.ಮೀ., ಪಕ್ಕಗಳಿಗೆ 6 ಮಿ.ಮೀ., ಕ್ಯಾಬಿನ್ನಿಗೆ 4 ಮಿ.ಮೀ. ಉಕ್ಕು. ನನಗೂ ನನ್ನ ಗಂಡನಿಗೂ ಇದೊಂದೇ ಮನೆ. ಖಾಯಂ ಮೂರಿಂಗ್ (ದೋಣಿ ಕಟ್ಟುವ ಜಾಗ) ಇಲ್ಲದ್ದರಿಂದ ನಿಯಮದಂತೆ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಮುಂದೆ ಸಾಗುತ್ತಲೇ ಇರುತ್ತೇವೆ. ನೀರಿನ ಟ್ಯಾಂಕ್ ತುಂಬಿಸುವುದು, ಟಾಯ್ಲೆಟ್ ಕ್ಯಾಸೆಟ್ ಹೊತ್ತುಕೊಂಡು ಎಲ್ಸನ್ ಪಾಯಿಂಟಿಗೆ ಹೋಗಿ ಖಾಲಿ ಮಾಡುವುದು, ಒಲೆಗೆ ಕಲ್ಲಿದ್ದಲು ತರುವುದು, ಪ್ರೊಪೆಲ್ಲರ್ ದಂಡದ ಸುತ್ತ ನೀರು ತಡೆಯುವ ಸ್ಟರ್ನ್ ಗ್ಲ್ಯಾಂಡಿಗೆ ಗ್ರೀಸ್ ತಿರುಗಿಸುವುದು, ಎಂಜಿನ್ನಿಗೆ ಆಯಿಲ್ ಬದಲಿಸುವುದು ಎಲ್ಲವನ್ನೂ ನಾವೇ ಮಾಡಿಕೊಳ್ಳುತ್ತೇವೆ. ನೀರಿನ ಕೆಳಗಿನ ಕೆಲಸ ಮಾತ್ರ ನಮ್ಮ ಕೈಯಲ್ಲಿಲ್ಲ. ದೋಣಿಯನ್ನು ಮೇಲೆತ್ತಿಸಲೇಬೇಕು, ಯಾರ್ಡಿನವರನ್ನು ನಂಬಲೇಬೇಕು. ಅದು ಅವರಿಗೂ ಚೆನ್ನಾಗಿ ಗೊತ್ತು.

ಡಾಂಬರಿನ ಬ್ಲ್ಯಾಕಿಂಗ್ ಎರಡು ಮೂರು ವರ್ಷ ಬಾಳುತ್ತದೆ. ಎಪಾಕ್ಸಿಯನ್ನು ಸರಿಯಾಗಿ ಬಳಿದರೆ ಅದರ ಎರಡು ಮೂರು ಪಟ್ಟು ಬಾಳುತ್ತದೆ. ಆದರೆ ಹಳೆಯ ಡಾಂಬರಿನ ಮೇಲೆ ಎಪಾಕ್ಸಿ ಕೂರುವುದಿಲ್ಲ. ಗ್ರಿಟ್ ಬ್ಲಾಸ್ಟಿಂಗ್ ಮಾಡಿ, ಅಂದರೆ ಗಾಳಿಯ ಒತ್ತಡದಲ್ಲಿ ಸಣ್ಣ ಹರಳು ಚಿಮ್ಮಿಸಿ, ಹಳೆಯದನ್ನೆಲ್ಲ ಹಾರಿಸಿ, ಉಕ್ಕು ಬರಿಯ ಬೂದು ಬಣ್ಣಕ್ಕೆ ಬರಬೇಕು. ಉಕ್ಕು ತೀರಾ ತಣ್ಣಗಿರಬಾರದು, ತೇವ ಇರಬಾರದು. ಬಳಿದ ಮೇಲೆ ಗಟ್ಟಿಯಾಗಲು ಕೆಲವು ದಿನ ಹಾಗೆಯೇ ಬಿಡಬೇಕು. ಇಷ್ಟು ಶ್ರಮ ಇರುವುದರಿಂದಲೇ ನಮಗೆ ಡಾಂಬರಿಗೆ ಹೇಳಿದ ಬೆಲೆಯ ನಾಲ್ಕೈದು ಪಟ್ಟನ್ನು ಎಪಾಕ್ಸಿಗೆ ಹೇಳಿದರು. ಒಪ್ಪಿ ಕೊಟ್ಟೆವು. ಬ್ಲಾಸ್ಟಿಂಗ್, ಎಪಾಕ್ಸಿ ಎರಡು ಕೋಟ್, ಮೆಗ್ನೀಸಿಯಂನ ನಾಲ್ಕು ಹೊಸ ಆನೋಡ್ (ತುಕ್ಕು ತಡೆಯಲು ದೋಣಿಗೆ ಬೆಸೆಯುವ ಲೋಹದ ತುಂಡು), ಬಿಸಿ ಮಾಡಿದ ಶೆಡ್ಡಿನಲ್ಲಿ ಕೆಲಸ ಎಂದು ಕೊಟೇಷನ್ನಿನಲ್ಲಿ ಒಂದೊಂದಾಗಿ ಬರೆದುಕೊಟ್ಟಿದ್ದರು. ಆ ಕಾಗದ ನನ್ನ ಬಳಿ ಇದೆ.

ಕೆಲಸ ನಡೆದದ್ದು ಕಳೆದ ವರ್ಷದ ಫೆಬ್ರುವರಿಯಲ್ಲಿ. ಯಾರ್ಡಿನ ಮಾಲೀಕ ಶೆಡ್ ತೋರಿಸಿದ, ಚಹಾ ಕೊಟ್ಟ, "ನಿಮ್ಮ ದೋಣಿಯನ್ನು ನನ್ನದೇ ಎಂದು ನೋಡಿಕೊಳ್ಳುತ್ತೇನೆ" ಎಂದ. ಬ್ಲಾಸ್ಟಿಂಗ್ ನಡೆಯುವಾಗ ದೂಳು ಹಾರುತ್ತದೆ, ವಿಮೆಯವರು ಒಪ್ಪುವುದಿಲ್ಲ, ಕೆಲಸ ಮುಗಿಯುವ ತನಕ ಯಾರ್ಡಿನೊಳಗೆ ಬರಬೇಡಿ ಎಂದ. ಕೇಳಲು ಸರಿಯೆನಿಸುವ ಮಾತು. ಮಿಲ್ಟನ್ ಕೀನ್ಸ್‌ನಲ್ಲಿರುವ ನಮ್ಮ ಕಡೆಯ ಒಂದು ಕುಟುಂಬದ ಮನೆಯಲ್ಲಿ ಉಳಿದುಕೊಂಡೆವು. ಆತ ವಾಟ್ಸ್ಆ್ಯಪ್‌ನಲ್ಲಿ ಎರಡು ಫೋಟೋ ಕಳುಹಿಸಿದ. ಒಂದರಲ್ಲಿ ಬ್ಲಾಸ್ಟಿಂಗ್ ಆದ ಬೂದು ಉಕ್ಕು, ಇನ್ನೊಂದರಲ್ಲಿ ಮಿರಮಿರ ಮಿಂಚುವ ಕಪ್ಪು ದೋಣಿ. ಆ ಕಪ್ಪು ದೋಣಿಯ ಫೋಟೋವನ್ನು ಊರಿಗೆಲ್ಲ ಕಳುಹಿಸಿದ್ದೆವು. ಉಳಿದುಕೊಂಡಿದ್ದ ಮನೆಯವರು ಅದನ್ನೇ ನೋಡಿ ಮೆಚ್ಚಿ, ತಮ್ಮ ದೋಣಿಗೂ ಅದೇ ಯಾರ್ಡಿನಲ್ಲಿ ದಿನ ಗೊತ್ತುಮಾಡಿಕೊಂಡರು. ಅವರಿಗೆ ಸಿಕ್ಕಿದ್ದು ಮರುವರ್ಷದ ಸರದಿ.

ಈ ಬೇಸಿಗೆ ಮುಗಿಯುವ ಹೊತ್ತಿಗೆ ವಿಮೆ ಕಂಪನಿ ಸರ್ವೆ ಕೇಳಿತು. ದೋಣಿಗೆ ಮೂವತ್ತು ವರ್ಷ ದಾಟಿದೆ, ಕೇಳುವುದು ವಾಡಿಕೆ. ಬೇರೊಂದು ಕಡೆ ಡ್ರೈ ಡಾಕಿಗೆ (ನೀರು ಬಸಿದ ಕಟ್ಟೆಗೆ) ಹಾಕಿಸಿ ಸರ್ವೇಯರ್ ಒಬ್ಬರನ್ನು ಕರೆಸಿದೆವು. "ಎಪಾಕ್ಸಿ ಹೊಸದು, ತುಂಬಾ ಕೆರೆಯಬೇಡಿ" ಎಂದು ನಾನೇ ಹೇಳಿದೆ. ಅವರು ತಲೆಯಾಡಿಸಿ, ಉಕ್ಕಿನ ದಪ್ಪ ಅಳೆಯಲು ಒಂದು ಅಂಗೈಯಗಲ ಜಾಗವನ್ನು ಸ್ಕ್ರೇಪರ್‌ನಿಂದ ಎಬ್ಬಿಸಿದರು. ಕಪ್ಪು ಪದರ ಸುರುಳಿ ಸುತ್ತಿಕೊಂಡು ಬಂತು. ಅದರ ಹಿಂಬದಿಗೆ ಕಂದು ಬಣ್ಣದ ತುಕ್ಕು ಅಂಟಿಕೊಂಡಿತ್ತು. ಅದರ ಕೆಳಗೆ ಇನ್ನೊಂದು ಕಪ್ಪು ಪದರ, ಹಳೆಯದು. ಅದರ ಕೆಳಗೂ ತುಕ್ಕು. ಸರ್ವೇಯರ್ ಏನೂ ಮಾತನಾಡಲಿಲ್ಲ. ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದು, ವೈಟ್ ಸ್ಪಿರಿಟ್ಟಿನಲ್ಲಿ (ಬಣ್ಣ ತೆಳುಮಾಡುವ ದ್ರಾವಕದಲ್ಲಿ) ಅದ್ದಿ, ಪಕ್ಕದಲ್ಲಿ ಹೊಳೆಯುತ್ತಿದ್ದ ಜಾಗವನ್ನು ಉಜ್ಜಿದರು. ಬಟ್ಟೆ ಕಪ್ಪಾಯಿತು. ಸ್ವಲ್ಪ ಅಲ್ಲ, ಕಾಡಿಗೆಯಷ್ಟು ಕಪ್ಪಾಯಿತು.

"ಇದು ಎಪಾಕ್ಸಿ ಎಂದು ನಿಮಗೆ ಹೇಳಿದವರು ಯಾರು?" ಎಂದು ಕೇಳಿದರು.

ಗಟ್ಟಿಯಾದ ಎಪಾಕ್ಸಿ ವೈಟ್ ಸ್ಪಿರಿಟ್ಟಿಗೆ ಹೀಗೆ ಕರಗುವುದಿಲ್ಲ. ಡಾಂಬರು ಕರಗುತ್ತದೆ. ಒಂದು ಬಟ್ಟೆ, ಒಂದು ಬಾಟಲಿ, ಅಷ್ಟರಲ್ಲಿ 5,400 ಪೌಂಡಿನ ಬಣ್ಣ ಬಯಲಾಯಿತು. ನನ್ನ ಗಂಡ ಡಾಕಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನಗೆ ಆ ಸರ್ವೇಯರ್ ಎದುರು ತಲೆ ಎತ್ತಲಾಗಲಿಲ್ಲ. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ, ಆದರೂ ಅವಮಾನ ಅವಮಾನವೇ.

ಇನ್ನೂ ಇದೆ, ಕೇಳಿ. ಆನೋಡ್. ಕಾಲುವೆಯ ಸಿಹಿ ನೀರಿನಲ್ಲಿ ಮೆಗ್ನೀಸಿಯಂ ತಾನು ಸವೆದು ಉಕ್ಕನ್ನು ಉಳಿಸುತ್ತದೆ, ಅದಕ್ಕೆಂದೇ ಅದನ್ನು ದೋಣಿಗೆ ಬೆಸುಗೆ ಹಾಕುವುದು. ಅದು ನೀರಿಗೆ ತಾಗಬೇಕು, ಅದರ ಮೇಲೆ ಬಣ್ಣ ಬಳಿಯಲೇಬಾರದು. ನಾಲ್ಕು ಹೊಸ ಆನೋಡ್ ಎಂದು ಬಿಲ್ಲಿನಲ್ಲಿದೆ. ದೋಣಿಯಲ್ಲಿದ್ದದ್ದು ಅರ್ಧಕ್ಕೂ ಹೆಚ್ಚು ಸವೆದ ಹಳೆಯ ನಾಲ್ಕು, ಅವುಗಳ ಮೇಲೂ ಡಾಂಬರು! ಹೊಸದು ಹಾಕದಿದ್ದರೆ ಹಾಳಾಗಿ ಹೋಗಲಿ, ಇದ್ದ ಹಳೆಯವನ್ನಾದರೂ ಕೆಲಸ ಮಾಡಲು ಬಿಡಬಾರದಿತ್ತೇ? ಎಡ ಪಕ್ಕದಲ್ಲಿ ನೀರಿನ ಗೆರೆಯ ಹತ್ತಿರ ತುಕ್ಕು ಗುಳಿ ತೋಡಿದೆ. ಗುಳಿಯ ಆಳ ಕಳೆದರೆ ಒಂದು ಕಡೆ ಉಳಿದಿರುವುದು 4.3 ಮಿ.ಮೀ. ಸಾಮಾನ್ಯವಾಗಿ ವಿಮೆಯವರು ನೋಡುವ ಗಡಿ 4 ಮಿ.ಮೀ. ಅದಕ್ಕಿಂತ ಕೆಳಗೆ ಹೋದರೆ ಹೊಸ ಉಕ್ಕಿನ ಹಲಗೆ ಬೆಸೆಯಬೇಕು, ಸಾವಿರಗಟ್ಟಲೆ ಪೌಂಡ್ ಕೈಬಿಡುತ್ತದೆ. ನಮ್ಮ ದೋಣಿ ಆ ಗಡಿಯ ಅಂಚಿನಲ್ಲಿ ನಿಂತಿದೆ.

ಆ ರಾತ್ರಿ ಹಳೆಯ ಫೋಟೋ ತೆಗೆದು ನೋಡಿದೆ. ಬೂದು ಉಕ್ಕಿನ ಫೋಟೋವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದೆ. ನಮ್ಮ ದೋಣಿಗೆ ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೌ ಥ್ರಸ್ಟರ್ ಇದೆ, ಮೂತಿಯ ಬಳಿ ಅಡ್ಡಲಾಗಿ ತೂರಿದ ಕೊಳವೆಯ ದುಂಡಗಿನ ತೂತು ಎದ್ದು ಕಾಣುತ್ತದೆ. ಫೋಟೋದಲ್ಲಿರುವ ದೋಣಿಯ ಮೂತಿಯಲ್ಲಿ ತೂತೇ ಇಲ್ಲ. ಬೇರೆ ಯಾರದೋ ದೋಣಿ! ಯಾರದೋ ದೋಣಿಗೆ ಮಾಡಿದ ಕೆಲಸದ ಫೋಟೋವನ್ನು ನಮಗೆ ಕಳುಹಿಸಿ ಉಳಿದ ಹಣ ಹಾಕಿಸಿಕೊಂಡಿದ್ದಾನೆ. ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ. ಡಾಂಬರಿಗಲ್ಲ, ಆನೋಡಿಗಲ್ಲ, ಈ ಫೋಟೋಕ್ಕೆ. ಕೆಲಸ ಕೆಟ್ಟಿದ್ದರೆ ಕೈತಪ್ಪು ಎನ್ನಬಹುದಿತ್ತು. ಬೇರೆ ದೋಣಿಯ ಫೋಟೋ ಹುಡುಕಿ ಕಳುಹಿಸುವುದು ಕೈತಪ್ಪಲ್ಲ.

ಈಗ ಯಾರ್ಡಿನ ಮಾಲೀಕನ ಉತ್ತರಗಳನ್ನು ಕೇಳಿ. ಸರ್ವೆ ವರದಿಯನ್ನೂ ಬಟ್ಟೆಯ ಫೋಟೋವನ್ನೂ ಕಳುಹಿಸಿದ ಕೂಡಲೇ ಬಂದದ್ದು: "ಅದು ಎಪಾಕ್ಸಿಯೇ. ಕೆಲವು ಬಗೆಯ ಎಪಾಕ್ಸಿ ಬಣ್ಣ ಬಿಡುತ್ತದೆ. ನಿಮ್ಮ ಸರ್ವೇಯರ್‌ಗೆ ಗೊತ್ತಿಲ್ಲ." ಹಾಗಾದರೆ ಯಾವ ಕಂಪನಿಯ ಯಾವ ಎಪಾಕ್ಸಿ, ಡಬ್ಬಿಯ ಬ್ಯಾಚ್ ನಂಬರ್ ಏನು, ಖರೀದಿಯ ರಸೀದಿ ಕಳುಹಿಸಿ ಎಂದು ಬರೆದೆ. ಅದಕ್ಕೆ ಉತ್ತರವಿಲ್ಲ. ಮತ್ತೆ ಬರೆದೆ. ಉತ್ತರವಿಲ್ಲ. ಮೂರನೆಯ ಸಲ ಬರೆದಾಗ ರಾಗ ಬದಲಾಯಿತು: "ಆಗ ಚಳಿ ಜಾಸ್ತಿ ಇತ್ತು. ಎಪಾಕ್ಸಿ ಹಿಡಿಯುತ್ತಿರಲಿಲ್ಲ. ನಿಮ್ಮ ಒಳ್ಳೆಯದಕ್ಕೇ ಒಳ್ಳೆ ದರ್ಜೆಯ ಡಾಂಬರು ಬಳಿದೆವು." ನಮ್ಮ ಒಳ್ಳೆಯದಕ್ಕೆ! ಬಿಸಿ ಮಾಡಿದ ಶೆಡ್ ಎಲ್ಲಿ ಹೋಯಿತು? ಒಳ್ಳೆಯದಕ್ಕೇ ಆಗಿದ್ದರೆ ಬಿಲ್ಲಿನಲ್ಲಿ ಎಪಾಕ್ಸಿ ಎಂದು ಏಕೆ ಬರೆದ? ಎಪಾಕ್ಸಿಯ ಹಣವನ್ನೇ ಏಕೆ ತೆಗೆದುಕೊಂಡ?

ಫೋಟೋ ವಿಷಯ ಎತ್ತಿದೆ. "ಆಗ ಇದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ, ಅವನು ತಪ್ಪು ಫೋಟೋ ಕಳುಹಿಸಿರಬೇಕು" ಎಂದ. ಸಂದೇಶ ಬಂದದ್ದು ಮಾಲೀಕನ ಸ್ವಂತ ನಂಬರಿನಿಂದ. ಆನೋಡಿನ ಬಗ್ಗೆ ಕೇಳಿದರೆ "ಅವು ಇನ್ನೂ ಚೆನ್ನಾಗಿದ್ದವು" ಎಂದ. ಗುಳಿಗಳಿಗೆ "ನೀವು ಲಾಕ್‌ಗಳ ಗೋಡೆಗೆ ಉಜ್ಜಿರುತ್ತೀರಿ" ಎಂದ. ಲಾಕ್ ಎಂದರೆ ದೋಣಿಯನ್ನು ಏರಿಳಿಸುವ ಇಕ್ಕಟ್ಟಾದ ನೀರಿನ ಕಟ್ಟೆ. ಅದರ ಗೋಡೆಗೆ ಉಜ್ಜಿದರೆ ಗೀರು ಬೀಳುತ್ತದೆ, ಒಳಗೆ ಕೊರೆದ ಗುಳಿ ಬೀಳುವುದಿಲ್ಲ. ದೋಣಿ ನಡೆಸುವ ಯಾರಿಗಾದರೂ ಗೊತ್ತಿರುವ ಸಂಗತಿ ಇದು. ಕಡೆಗೆ ದೊಡ್ಡ ಮನಸ್ಸು ಮಾಡಿ, "ದೋಣಿ ತನ್ನಿ, ಉಚಿತವಾಗಿ ಇನ್ನೊಂದು ಕೋಟ್ ಡಾಂಬರು ಬಳಿದುಕೊಡುತ್ತೇನೆ" ಎಂದ. ಅದನ್ನು ಒಪ್ಪದಿದ್ದಾಗ, ಎಲ್ಲಿಯಾದರೂ ಬರೆದರೆ ವಕೀಲರ ಮೂಲಕ ನೋಡಿಕೊಳ್ಳುತ್ತೇನೆ ಎಂದು ಬೆದರಿಸಿದ.

ಈಗ ಆ ಡಾಂಬರನ್ನೆಲ್ಲ ಕಿತ್ತು ಹಾಕಿಸಬೇಕು. ಅದು ಮೆತ್ತಗೆ ಅಂಟುವ ವಸ್ತುವಾದ್ದರಿಂದ ಬ್ಲಾಸ್ಟಿಂಗ್ ಮಾಡುವವರಿಗೆ ಕಷ್ಟ, ಆ ಕಷ್ಟಕ್ಕೂ ಬೆಲೆ ನಾವೇ ತೆರಬೇಕು.

ಸಲಹೆ ಬೇಕಾದವರಿಗೆ ಹೇಳುತ್ತಿದ್ದೇನೆ. ಒಳಗೆ ಬರಬೇಡಿ ಎನ್ನುವ ಯಾರ್ಡಿಗೆ ದೋಣಿ ಕೊಡಬೇಡಿ. ಬ್ಲಾಸ್ಟಿಂಗ್ ನಡೆಯುವಾಗ ದೂರ ಇರಿ, ಸರಿ, ಆದರೆ ಅದು ಮುಗಿದ ಮೇಲೆ, ಬಣ್ಣ ಬಳಿಯುವ ಮೊದಲು, ನಿಮ್ಮ ಕಣ್ಣಿನಿಂದಲೇ ಬೂದು ಉಕ್ಕನ್ನು ನೋಡುತ್ತೇವೆಂದು ಕೊಟೇಷನ್ನಿನಲ್ಲೇ ಬರೆಸಿ. ಖಾಲಿ ಡಬ್ಬಿಗಳನ್ನು ತೋರಿಸಲು ಹೇಳಿ. ಎಪಾಕ್ಸಿಯಾದರೆ ಜೋಡಿ ಡಬ್ಬಿ ಇರುತ್ತದೆ, ಎರಡನ್ನು ಕಲಸಿ ಬಳಿಯುವುದು. ಬಳಿದ ಮರುದಿನವೇ ನೀರಿಗಿಳಿಸುತ್ತೇವೆ ಎಂದರೆ ಅಲ್ಲೇ ನಿಲ್ಲಿಸಿ. ನಮ್ಮದನ್ನು ಹಾಗೆಯೇ ಇಳಿಸಿದ್ದರು ಎಂದು ಪಕ್ಕದ ದೋಣಿಯವರು ಈಗ ಹೇಳುತ್ತಿದ್ದಾರೆ. ಎಪಾಕ್ಸಿ ಎಂದು ಈಗಾಗಲೇ ಹಣ ಕೊಟ್ಟವರು ದೋಣಿ ಮೇಲೆತ್ತಿಸುವವರೆಗೆ ಕಾಯಬೇಕಿಲ್ಲ. ಬ್ಲ್ಯಾಕಿಂಗ್ ನೀರಿನ ಮಟ್ಟಕ್ಕಿಂತ ಮೇಲೂ ಇರುತ್ತದಲ್ಲ, ಅಲ್ಲಿ ವೈಟ್ ಸ್ಪಿರಿಟ್ ಬಟ್ಟೆಯಿಂದ ಉಜ್ಜಿ ನೋಡಿ. ಕಾಲುವೆಗೆ ಒಂದು ಹನಿಯೂ ಬೀಳದಂತೆ.

ಮುಂಗಡವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ನಾವು 500 ಪೌಂಡ್ ಹಾಗೆ ಕೊಟ್ಟಿದ್ದೆವು, ಉಳಿದದ್ದು ಬ್ಯಾಂಕ್ ವರ್ಗಾವಣೆ. ಇಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 100 ಪೌಂಡಿಗಿಂತ ಹೆಚ್ಚು ಮತ್ತು 30,000 ಪೌಂಡ್ ಮೀರದ ಬೆಲೆಯ ವ್ಯವಹಾರದಲ್ಲಿ ಒಂದು ಭಾಗವನ್ನಷ್ಟೇ ಕಾರ್ಡಿನಲ್ಲಿ ಕೊಟ್ಟಿದ್ದರೂ ಇಡೀ ಮೊತ್ತಕ್ಕೆ ಕಾರ್ಡ್ ಕಂಪನಿಯೂ ಹೊಣೆ. ಆ ಅರ್ಜಿ ಹಾಕಿದ್ದೇವೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ ಯಾರ್ಡಿಗೂ ಕೊನೆಯ ನೋಟಿಸ್ ಕೊಟ್ಟಿದ್ದೇವೆ. ಅದಕ್ಕೂ ಬಗ್ಗದಿದ್ದರೆ ಸ್ಮಾಲ್ ಕ್ಲೇಮ್ಸ್‌ ಎಂಬ ಸಣ್ಣ ದಾವೆಗಳ ನ್ಯಾಯಾಲಯಕ್ಕೆ ಹೋಗುತ್ತೇವೆ, 10,000 ಪೌಂಡಿನವರೆಗಿನ ದಾವೆಗಳನ್ನು ಅಲ್ಲಿ ವಕೀಲರಿಲ್ಲದೆ ನಾವೇ ನಡೆಸಬಹುದು.

ಮಿಲ್ಟನ್ ಕೀನ್ಸ್‌ನ ಆ ಕುಟುಂಬ ತಮ್ಮ ಸರದಿಯನ್ನು ರದ್ದು ಮಾಡಿದೆ. ಮುಂಗಡ ವಾಪಸ್ ಕೇಳಿದ್ದಕ್ಕೆ, "ಸರದಿ ರದ್ದಾದರೆ ಮುಂಗಡ ಮರಳಿಸುವುದಿಲ್ಲ, ನಿಯಮ ಓದಿ" ಎಂದು ಅದೇ ನಂಬರಿನಿಂದ ಸಂದೇಶ ಬಂದಿದೆಯಂತೆ. "ಅಕ್ಕಾ, ನಮಗೆ ನಿಯಮ ಯಾವುದನ್ನೂ ಕೊಟ್ಟೇ ಇಲ್ಲವಲ್ಲ" ಎಂದು ನಿನ್ನೆ ಅವರು ಫೋನ್ ಮಾಡಿದ್ದರು. ನಮಗೂ ಕೊಟ್ಟಿರಲಿಲ್ಲ. ಆ ಯಾರ್ಡಿನಲ್ಲಿ ಸಹಿ ಹಾಕಿಸಿಕೊಂಡ ನಿಯಮಪತ್ರ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ಅದರ ಪ್ರತಿ ನನಗೆ ಬೇಕು.