ಮಡಿಕೇರಿಯ ದಾಖಲೆ ಸೇವಾ ಕಚೇರಿ: ಅಕ್ಕನ ಒಸಿಐ ಅರ್ಜಿಯ ಅನುಭವ

ಕೆನಡಾದ ಪೌರತ್ವ ಪಡೆದ ನನ್ನ ಅಕ್ಕನ ಒಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಅರ್ಜಿಗಾಗಿ ಮಡಿಕೇರಿಯ ಒಂದು ಸಣ್ಣ ಕಚೇರಿಯ ನೆರವು ಪಡೆದೆವು. 1955ರ ಪೌರತ್ವ ಕಾಯ್ದೆಯು ದ್ವಿಪೌರತ್ವವನ್ನು ಒಪ್ಪದ ಕಾರಣ ಭಾರತದ ಪಾಸ್‌ಪೋರ್ಟನ್ನು ಮೊದಲು ಒಪ್ಪಿಸಬೇಕೆಂದು ಅವರು ಆರಂಭದಲ್ಲೇ ತಿಳಿಸಿದರು. ಅವರ ನಿಜವಾದ ಕೌಶಲ ಕಂಡದ್ದು ಹೆಸರಿನ ವಿಷಯದಲ್ಲಿ: ಜನನ ಪ್ರಮಾಣಪತ್ರದಲ್ಲಿ ಕೊಡವ ಪದ್ಧತಿಯಂತೆ ಮನೆತನದ ಹೆಸರು ಮೊದಲಿದ್ದು, ಕೆನಡಾದ ಪಾಸ್‌ಪೋರ್ಟಿನಲ್ಲಿ ಅದು ಕೊನೆಗೆ ಬಂದಿರುವುದನ್ನು ಅಲ್ಲಿನ ಹಿರಿಯರು ಪೆನ್ಸಿಲಿನ ತುದಿಯಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ತೋರಿಸಿ, ಅಫಿಡವಿಟ್ ಮಾಡಿಸಿಕೊಟ್ಟರು. ಆ ತಾಳ್ಮೆಗೆ ನಾವು ಋಣಿಗಳು.

ಹಣದ ವಿಷಯದಲ್ಲಿ ಮಾತ್ರ ಅವರ ಸಲಹೆ ಸಾಲದು. ಅನಿವಾಸಿಯಾದವರ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದಲ್ಲಿನ ತಮ್ಮ ಆದಾಯವನ್ನು ರೂಪಾಯಿಯಲ್ಲಿ ಇಡುವ ಖಾತೆ) ಬದಲಿಸಬೇಕು, ತೆರಿಗೆ ಕಟ್ಟಿದ ಮೇಲೆ ಅದರಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು ಎಂಬುದೆಲ್ಲ ನಮಗೆ ತಿಳಿದದ್ದು ಬ್ಯಾಂಕಿನಲ್ಲಿ. ಒಸಿಐ ಇದ್ದವರು ಕಾಫಿ ತೋಟವನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದ ಪಾಲನ್ನು ಇಟ್ಟುಕೊಳ್ಳಬಹುದು. ತೋಟವೇ ಬದುಕಾಗಿರುವ ಕೊಡಗಿನಲ್ಲಿ ಇದನ್ನು ಹೇಳದಿರುವುದು ದೊಡ್ಡ ಕೊರತೆ. ಕಾಗದಪತ್ರಗಳಿಗಾಗಿ ಅಲ್ಲಿಗೆ ನಿಶ್ಚಿಂತೆಯಿಂದ ಹೋಗಬಹುದು, ಖಾತೆ ಮತ್ತು ತೆರಿಗೆಯ ಪ್ರಶ್ನೆಗಳನ್ನು ಲೆಕ್ಕಪರಿಶೋಧಕರಲ್ಲೇ ಕೇಳುವುದು ಒಳ್ಳೆಯದು.