ಧೂಳು ತೆಗೆಯುವ ಟಿಕ್ಕನ್ನು ಮೊದಲು ತೆಗೆಯಿರಿ

ಹಳೇ ಫಿಲಂನಲ್ಲಿ ಆಕಾಶದ ಫೋಟೋ ಇಟ್ಟುಕೊಂಡು, ಮನೆಯ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಕಂಪ್ಯೂಟರಿಗೆ ಇಳಿಸೋಣ ಅಂತಿದ್ದೀರಾ? ಒಂದು ನಿಮಿಷ, ನಾನು ಮಾಡಿಕೊಂಡ ಎಡವಟ್ಟು ಕೇಳಿ.

1997ರಲ್ಲಿ ಹೇಲ್-ಬಾಪ್ ಧೂಮಕೇತು ಬಂದಿತ್ತಲ್ಲ, ಆಗ ತೆಗೆದ ಕಲರ್ ನೆಗೆಟಿವ್‌ಗಳು ಇವು. ಹಳೇ ಫಿಲಂ, ಧೂಳು ಇರುತ್ತಲ್ವಾ ಅಂತ ಸಾಫ್ಟ್‌ವೇರಿನಲ್ಲಿ ಧೂಳು ತೆಗೆಯುವ ಆಯ್ಕೆಗೆ ಟಿಕ್ ಹಾಕಿ, ಒಂದೇ ಸಂಜೆ ಎಲ್ಲ ಸ್ಟ್ರಿಪ್ ಮುಗಿಸಿದೆ. ಧೂಮಕೇತು ಚೆನ್ನಾಗಿಯೇ ಬಂದಿತ್ತು. ಸುತ್ತಲಿನ ಆಕಾಶ ಮಾತ್ರ ಬೋಳು ಬೋಳು. ಅನುಮಾನ ಬಂದು, ಫೋನಿನ ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ ಅದರ ಮೇಲೆ ನೆಗೆಟಿವ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು! ನಕ್ಷತ್ರಗಳೆಲ್ಲ ಫಿಲಂನಲ್ಲಿ ಹಾಗೇ ಇವೆ, ಸ್ಕ್ಯಾನ್‌ನಲ್ಲಿ ಇಲ್ಲ.

ನೆಗೆಟಿವ್ ಮೇಲೆ ಕೂತ ಧೂಳು ಬೆಳಕು ತಡೆಯುತ್ತದೆ, ಸ್ಕ್ಯಾನ್‌ನಲ್ಲಿ ಕಪ್ಪು-ಬಿಳುಪು ಅದಲುಬದಲಾದಾಗ ಬಿಳಿ ಚುಕ್ಕೆಯಾಗುತ್ತದೆ. ನಕ್ಷತ್ರವೂ ಬಿಳಿ ಚುಕ್ಕೆಯೇ. ನನ್ನ ಸಾಫ್ಟ್‌ವೇರ್ ಬರೀ ಚಿತ್ರ ನೋಡಿ ಊಹೆ ಮಾಡುವಂಥದ್ದು, ಎರಡನ್ನೂ ಒಟ್ಟಿಗೆ ಗುಡಿಸಿ ಹಾಕಿತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಹುಡುಕುವ ಸ್ಕ್ಯಾನರ್ ಕಲರ್ ಫಿಲಂಗೆ ಸಾಮಾನ್ಯವಾಗಿ ಪರವಾಗಿಲ್ಲ, ಬಣ್ಣದ ಪದರಗಳನ್ನು ಆ ಬೆಳಕು ದಾಟಿ ಹೋಗುತ್ತದೆ. ಮಾಮೂಲಿ ಕಪ್ಪು-ಬಿಳುಪು ಫಿಲಂಗೆ ಅದನ್ನೂ ಹಾಕಬೇಡಿ. ಅದರಲ್ಲಿರೋದು ಬೆಳ್ಳಿ, ಇನ್‌ಫ್ರಾರೆಡ್ಡನ್ನೇ ತಡೆಯುತ್ತದೆ, ನಕ್ಷತ್ರವೆಲ್ಲ ಧೂಳಿನ ಲೆಕ್ಕಕ್ಕೆ ಹೋಗುತ್ತದೆ.

ಎರಡನೇ ಪೆಟ್ಟು, ಚಿತ್ರದ ಬೆಳಕು-ಕತ್ತಲೆಯನ್ನು ತಾನೇ ಹೊಂದಿಸುವ ಆಟೋ ಎಕ್ಸ್‌ಪೋಷರ್‌ನಿಂದ. ಆಕಾಶ ಕಪ್ಪಗಿರಬೇಕು ಅಂತ ಅದೇ ತೀರ್ಮಾನ ಮಾಡಿ, ಧೂಮಕೇತುವಿನ ಮಸುಕಾದ ನೀಲಿ ಬಾಲವನ್ನು ಕತ್ತಲೆಗೆ ಸೇರಿಸಿಬಿಟ್ಟಿತ್ತು. ಉಳಿದದ್ದು ಹಳದಿ ಛಾಯೆಯ ಧೂಳಿನ ಬಾಲ ಮಾತ್ರ.

ಇಷ್ಟಾದರೂ ಮತ್ತೆ ಸ್ಕ್ಯಾನ್ ಮಾಡಿದ್ದರೆ ಸರಿಹೋಗುತ್ತಿತ್ತು. ನಾನು ಜಾಣ ನೋಡಿ, ಧೂಳೇ ಇರದಿದ್ದರೆ ಟಿಕ್ ಯಾಕೆ ಬೇಕು ಅಂತ ಕನ್ನಡಕದ ಬಟ್ಟೆ ತಗೊಂಡು ನೆಗೆಟಿವ್ ಒರೆಸಿದೆ. ಹೊಳಪಿಲ್ಲದ ಕಡೆ, ಅಂದರೆ ಚಿತ್ರ ಇರುವ ಎಮಲ್ಷನ್ ಕಡೆಯೇ. ಧೂಮಕೇತುವಿನ ತಲೆಯ ಮೇಲೇ ಉದ್ದಕ್ಕೆ ಒಂದು ಗೀರು. ಆ ಧೂಮಕೇತು ಮತ್ತೆ ಬರೋಕೆ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು, ಇನ್ನೊಂದು ಫೋಟೋ ಅನ್ನೋ ಮಾತೇ ಇಲ್ಲ.

ಈಗ ಒರೆಸುವ ಮಾತೇ ಇಲ್ಲ, ರಬ್ಬರ್ ಬ್ಲೋವರಿನಲ್ಲಿ ಊದುತ್ತೇನೆ ಅಷ್ಟೆ. ಧೂಳು ತೆಗೆಯೋದು, ಶಾರ್ಪನಿಂಗ್ (ಅಂಚುಗಳನ್ನು ಚೂಪು ಮಾಡೋದು), ಆಟೋ ಎಲ್ಲ ಬಂದ್. ಶಾರ್ಪನಿಂಗ್ ಆನ್ ಇಟ್ಟರೆ ನಕ್ಷತ್ರದ ಸುತ್ತ ಕಪ್ಪು ಉಂಗುರ ಬರುತ್ತದೆ. ಬಣ್ಣದ ವಿವರ ಕಳೆಯದೆ ಇಡುವ 48 ಬಿಟ್ ಟಿಫ್ ಫೈಲಿನಲ್ಲಿ ಉಳಿಸಿ, ಜೆಪೆಗ್ ಬೇಡ. ಪ್ರತಿ ಫ್ರೇಮನ್ನೂ ಎರಡು ಸಲ ಸ್ಕ್ಯಾನ್ ಮಾಡುತ್ತೇನೆ, ನಡುವೆ ಒಮ್ಮೆ ಊದಿ, ಫಿಲಂ ಸ್ವಲ್ಪ ಸರಿಸಿ. ಎರಡರಲ್ಲೂ ಫ್ರೇಮಿನ ಅದೇ ಜಾಗದಲ್ಲಿದ್ದರೆ ಹೆಚ್ಚಾಗಿ ಅದು ನಕ್ಷತ್ರ, ಜಾಗ ಬದಲಿಸಿದ್ದು ಧೂಳು. ಡಬ್ಬದ ಮೇಲೆ 6400 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕೆ) ಅಂತ ಬರೆದಿದ್ದರೂ ನಾನು 2400 ದಾಟುವುದಿಲ್ಲ. 6400ರಲ್ಲಿ ಒಂದು 35 ಎಂಎಂ ಫ್ರೇಮ್ 300 ಎಂಬಿ ಮೀರುತ್ತದೆ, ನನ್ನ ಸ್ಕ್ಯಾನರಿನಲ್ಲಿ ನಕ್ಷತ್ರ ಒಂದೂ ಜಾಸ್ತಿ ಕಾಣಲಿಲ್ಲ.

ಫ್ರೇಮನ್ನು ತಾನೇ ಹುಡುಕುವ ಆಯ್ಕೆಯನ್ನೂ ನಂಬಬೇಡಿ. ಆಕಾಶದ ಫೋಟೋದಲ್ಲಿ ಅಂಚು ಎಲ್ಲಿ, ಆಕಾಶ ಎಲ್ಲಿ ಅಂತ ಅದಕ್ಕೆ ಗೊತ್ತಾಗದೆ, ನನ್ನ ಎರಡು ಫ್ರೇಮನ್ನು ಅರ್ಧಕ್ಕೇ ಕತ್ತರಿಸಿತ್ತು.